ಟ್ಯೂನಿಗೆ ಬರೆದದ್ದು

ಹತ್ತು ವರ್ಷ ಆಲ್ಬಂಗಳಿಗೆ ಪ್ರೇಮಗೀತೆ ಬರೆದು, ಕರೆಯುವವರು ಕಮ್ಮಿಯಾದ ಮೇಲೆ ನಾಟಕದ ಕಡೆ ತಿರುಗಿದವನು ನಾನು. ಮೊದಲು ಸಿಕ್ಕಿದ್ದು ಮಾದಿಹಳ್ಳಿಯವರ ರಾವಣನ ನಾಟಕ. ಯುದ್ಧಕ್ಕೆ ಹೊರಟ ಗಂಡನನ್ನು ಮಂಡೋದರಿ ತಡೆಯುವ ಹಾಡು ಬರೆದುಕೊಂಡು ಹೋಗಿದ್ದೆ. ಡೈರಿಯಲ್ಲಿ ಹಾಲು ಅಳೆಯುವ ಜಯಮ್ಮನವರೇ ಮಂಡೋದರಿ. ಪ್ರಾಕ್ಟೀಸೂ ಡೈರಿಯಲ್ಲೇ. ಎರಡು ಸಾಲು ಹಾಡಿ ನಿಲ್ಲಿಸಿಬಿಟ್ಟರು.

"ಸಾರ್, ಇದನ್ನ ನಾನು ಯಾರಿಗೆ ಹೇಳ್ಬೇಕು?"

"ಯಾರಿಗೆ ಅಂತೇನಿಲ್ಲಮ್ಮ, ಭಾವನೆ ಅಷ್ಟೆ."

"ಗಂಡ ಎದುರಿಗೇ ನಿಂತವ್ನೆ ಸಾರ್. ಸಾಯಕ್ಕೆ ಹೊಂಟೋನ ಮುಂದೆ ಚಂದ್ರ, ಬೆಳದಿಂಗಳು ಅಂದ್ರೆ ನಿಲ್ತಾನಾ?"

ಸಿಟ್ಟು ಬಂತು. ಆದರೂ ಹಾಲಿನ ಕ್ಯಾನುಗಳ ಪಕ್ಕ ಕೂತು ಎಲ್ಲ ಹೊಡೆದುಹಾಕಿ, 'ಎಲೆ ಹಾಕಿದ್ದೇನೆ ದೊರೆಯೇ, ಒಂದು ತುತ್ತು ಉಂಡು ಹೋಗು' ಅಂತ ಬರೆದುಕೊಟ್ಟೆ. ಜಯಮ್ಮ ಅದನ್ನು ಹಾಡಿದಾಗ ರಾವಣನ ಪಾತ್ರದವರು ತಮ್ಮ ಮಾತು ಮರೆತು ತಲೆ ತಗ್ಗಿಸಿ ನಿಂತರು.

ನನಗೆ ಹೆಂಡತಿಯ ನೆನಪಾಯಿತು. ನನ್ನ ಮೊದಲ ಹಾಡು ಹಿಟ್ ಆದ ದಿನ ಅವಳೂ ಆಸೆಯಿಂದ ಕೇಳಿದ್ದಳು, "ರೀ, ಇದು ಯಾರಿಗೆ ಬರೆದದ್ದು?"

"ಟ್ಯೂನಿಗೆ" ಅಂದಿದ್ದೆ, ಫೋನಿಂದ ತಲೆ ಎತ್ತದೆ.

ಆಮೇಲೆ ಅವಳು ನನ್ನ ಯಾವ ಹಾಡಿನ ಬಗ್ಗೆಯೂ ಕೇಳಲಿಲ್ಲ. ಒಂದು ದಿನ ತವರಿಗೆ ಅಂತ ಹೋದವಳು ವಾಪಸ್ ಬರಲೂ ಇಲ್ಲ. ಉಂಡು ಹೋಗು ಅಂತ ನಾನಾದರೂ ಎಲ್ಲಿ ಹೇಳಿದೆ?

ಪ್ರಾಕ್ಟೀಸು ಮುಗಿಸಿ, ಹಳೇಬೀಡಿಂದ ಅರಸೀಕೆರೆಗೆ ವಾಪಸ್ ಬರುವ ಬಸ್ಸಲ್ಲಿ ಡ್ರೈವರ್ ಅದೇ ಮೊದಲ ಹಾಡು ಹಾಕಿದ. ಅರ್ಧ ಬಸ್ಸು ಜೊತೆಗೆ ಗುನುಗಿತು. ಯಾರಿಗೆ ಬರೆದದ್ದು ಅಂತ ಯಾರಾದರೂ ಕೇಳಿದ್ದರೆ ಈ ಸಲ ಸರಿಯಾಗಿ ಹೇಳುತ್ತಿದ್ದೆ. ಕೇಳಿದವನು ಕಂಡಕ್ಟರ್ ಒಬ್ಬನೇ, ಅದೂ ಎಲ್ಲಿಗೆ ಅಂತ.