ಮೋಡ ನೋಡಲು ಬಂದವಳು

ದಿಲ್ಲಿಯಲ್ಲಿ ವರ್ಷಗಟ್ಟಲೆ ಮೋಡಗಳ ಮೇಲೆ ಸಂಶೋಧನೆ ಮಾಡಿ ಡಾಕ್ಟರೇಟ್ ಪಡೆದವಳು ನಾನು. ನನ್ನ ಪ್ರಯೋಗಾಲಯಕ್ಕೆ ಕಿಟಕಿ ಇರಲಿಲ್ಲ. ಮೋಡಗಳು ಪರದೆಯ ಮೇಲೆ ಬಣ್ಣದ ಚುಕ್ಕೆಗಳಾಗಿ ಬಂದು ಹೋಗುತ್ತಿದ್ದವು. ಹೊರಗೆ ಬಂದರೆ ಹೊಗೆ. ಧಾರವಾಡದ ಕಾಲೇಜೊಂದರಲ್ಲಿ ಪಾಠ ಹೇಳುವ ಕೆಲಸ ಸಿಕ್ಕಾಗ, ಒಂದು ವರ್ಷ ಉಸಿರಾಡಿಕೊಂಡು ಬರೋಣವೆಂದು ಹೊರಟೆ.

ಅಲ್ಲಿನ ಸಪ್ತಾಪುರದಲ್ಲಿ ಮಹಡಿಯ ಕೋಣೆ ಹಿಡಿದೆ. ಕೆಳಗಿದ್ದ ಮನೆಯೊಡತಿ ಬಳೆ ಅಂಗಡಿ ನಡೆಸುತ್ತಿದ್ದರು. ಓಣಿಯವರಂತೆ ನಾನೂ ಅವರನ್ನು ಚಾಚಿ ಎನ್ನತೊಡಗಿದೆ.

“ಇಷ್ಟ ಓದಿ, ದಿಲ್ಲಿ ಬಿಟ್ಟು ಇಲ್ಲ್ಯಾಕ ಬಂದ್ರಿ?” ಎಂದು ಮೊದಲ ದಿನವೇ ಕೇಳಿದರು.

“ಮೋಡ ನೋಡೋಕೆ” ಎಂದೆ ತಮಾಷೆಗೆ.

ಅವರು ನಗಲಿಲ್ಲ. “ಹಂಗಾರ ಮಾಳಗಿ ಕೀಲಿಕೈ ನಿಮ್ಮ ಕಡೀನ ಇರಲಿ” ಎಂದರು.

ಮಳೆಗಾಲ ಬಂತು. ಸಂಜೆ ಮಾಳಿಗೆಯ ಮೇಲೆ ಅಂಗಾತ ಮಲಗಿದರೆ ಪಡುವಣದಿಂದ ಮೋಡಗಳು ಹಿಂಡು ಹಿಂಡಾಗಿ ಬರುತ್ತಿದ್ದವು. ನೋಡುತ್ತ ನೋಡುತ್ತ ಅವು ನಿಂತುಬಿಟ್ಟು, ಮನೆ, ಓಣಿ, ಬೇವಿನ ಮರ ಎಲ್ಲ ಸದ್ದಿಲ್ಲದೆ ತೇಲಿ ಹೋಗುತ್ತಿರುವಂತೆ ಅನಿಸುತ್ತಿತ್ತು. ಒಣಗಿದ ಬಟ್ಟೆ ತೆಗೆಯಲು ಬಂದ ಚಾಚಿ ನನ್ನನ್ನು ಸುತ್ತಿ ಬಳಸಿ ಹೋಗುತ್ತಿದ್ದರು.

ಅವರ ಮಗಳ ನಿಕಾಹ್ ದಿನ ಬೆಳಿಗ್ಗೆ ಏದುಸಿರು ಬಿಡುತ್ತ ಮೇಲೆ ಬಂದರು. “ಊಟ ಓಣ್ಯಾಗ ಇಟ್ಟೇವಿ. ಇವತ್ತ ಮಳಿ ಬರ್ತೈತೇನ್ರಿ? ನೀವ ಹೇಳ್ರಿ.”

ಅಷ್ಟು ವರ್ಷಗಳ ಸಂಶೋಧನೆಯಲ್ಲಿ ಮಳೆ ಬರುತ್ತದೆಯೇ ಎಂದು ಯಾರೂ ನನ್ನನ್ನು ಕೇಳಿರಲಿಲ್ಲ. ಬಹಳ ಹೊತ್ತು ಆಕಾಶ ನೋಡಿ, “ಬರಲ್ಲ ಚಾಚಿ” ಎಂದೆ.

ಜನ ಊಟಕ್ಕೆ ಕೂತಾಗ ಹನಿಯಿತು. ಹಿಟ್ಟು ಸಾಣಿಸಿದಷ್ಟು ಸಣ್ಣಗೆ, ಬೆಳ್ಳಗೆ. ನನ್ನ ಮಾತನ್ನು ಚಾಚಿ ಆಗಲೇ ಓಣಿಗೆಲ್ಲ ಹೇಳಿಬಿಟ್ಟಿದ್ದರು; ನಾನು ತಲೆ ತಗ್ಗಿಸಿದೆ. ಯಾರೂ ಏಳಲಿಲ್ಲ. ಎದುರುಮನೆಯ ಅಜ್ಜ ಮುಂಗೈ ಒರೆಸಿಕೊಂಡು, “ಮೇಡಂ ಹೇಳಿದ್ದು ಖರೇ ಐತಿ. ಇದಕ್ಕ ಮಳಿ ಅನ್ನಂಗಿಲ್ಲ ಬಿಡ್ರಿ” ಎಂದರು. ಸಾಲಿಗೆ ಸಾಲೇ ನಕ್ಕಿತು. ಬಿರಿಯಾನಿಯ ಹಬೆಯೂ ಜಿನುಗುವ ನೀರೂ ಬೆರೆತು, ಆ ಓಣಿ ಮಂಜಿನೊಳಗೆ ಕೂತು ಉಣ್ಣುತ್ತಿರುವಂತಿತ್ತು.

ಕೆಲ ದಿನಗಳಲ್ಲಿ ದಿಲ್ಲಿಯಿಂದ ನನ್ನ ಗುರುಗಳ ಫೋನ್ ಬಂತು. ಕಾಯಂ ಹುದ್ದೆ ಇದೆ, ಬಾ ಎಂದರು. “ಆ ಊರಿನಲ್ಲಿ ಅಂಥಾದ್ದೇನಿದೆ?” ಎಂದೂ ಕೇಳಿದರು. ಇಲ್ಲಿ ಒಳ್ಳೆಯ ಉಪಕರಣಗಳಿಲ್ಲ, ನನ್ನ ವಿಷಯ ಬಲ್ಲವರು ಒಬ್ಬರೂ ಇಲ್ಲ. ಆದರೂ “ಇಲ್ಲೇ ಇರ್ತೀನಿ ಸರ್” ಎಂದುಬಿಟ್ಟೆ. ಬಾಯಿಂದ ಬಂದ ಮೇಲೆಯೇ ಅದು ನನಗೂ ಗೊತ್ತಾದದ್ದು.

ಒಂದು ವರ್ಷಕ್ಕೇಕೆಂದು ಅಲ್ಲಿಯವರೆಗೆ ಚಾಪೆಯ ಮೇಲೇ ಮಲಗುತ್ತಿದ್ದವಳು, ಆ ಭಾನುವಾರ ಹುಬ್ಬಳ್ಳಿಗೆ ಹೋಗಿ ದೊಡ್ಡದೊಂದು ಮಂಚ ಕೊಂಡೆ. ಚಾಚಿಯ ಅಳಿಯ ಮತ್ತು ಅವನ ಗೆಳೆಯರು ಅದನ್ನು ಇಕ್ಕಟ್ಟಾದ ಮೆಟ್ಟಿಲಲ್ಲಿ ತಿರುಗಿಸಿ ತಿರುಗಿಸಿ ಮೇಲೇರಿಸುವಾಗ ಚಾಚಿ ಕೆಳಗಿನಿಂದ ಕೂಗುತ್ತಿದ್ದರು: “ಸಾವಕಾಶ ಒಯ್ರೋ, ಗ್ವಾಡಿಗೆ ಬಡದೀತು!”