ನನ್ನ ಟೆಂಪೊದ ಹೊಗೆ ಕುಡಿದವರು

ತಾಳವಾಡಿ ಬಸ್ ನಿಲ್ದಾಣದ ಬಳಿ ಹೊಗೆ ತಪಾಸಣೆಯವನು ನನ್ನ ಟೆಂಪೊದ ಸೈಲೆನ್ಸರಿಗೆ ಕೊಳವೆ ತೂರಿಸುತ್ತಿದ್ದ. ಹಿಂದೆ ಕೂತಿದ್ದ ಕೂಲಿಯ ಮಾದಮ್ಮ ಕೆಳಗಿಳಿದು ಬಂದು ಅವನನ್ನು ಕೇಳಿದರು:

“ಇದ್ನ ನನ್ ಬಾಯ್ಗೂ ಒಂದ್ಸಲ ಮಡುಗಿ ನೋಡಪ್ಪಾ. ದಿನಾ ಇಂದ್ಗಡೆ ಕೂತ್ಕಂಡು ಎಷ್ಟ್ ಒಗೆ ಕುಡ್ದಿವ್ನಿ ಅಂತ ಗೊತ್ತಾಗ್ಲಿ.”

ಸುತ್ತಲಿದ್ದವರು ನಕ್ಕರು. ಮಾದಮ್ಮ ನಗಲಿಲ್ಲ, ಅವರಿಗೆ ನಿಜಕ್ಕೂ ತಿಳಿಯಬೇಕಿತ್ತು. “ಇದ್ರಲ್ಲಿ ಮನುಷ್ಯರ್ನ ಅಳೆಯಕ್ಕಾಗಲ್ಲ ಕಣಮ್ಮಾ” ಎಂದ ಆತ, ನನ್ನ ಗಾಡಿಗೆ ಸರ್ಟಿಫಿಕೇಟನ್ನೂ ಕೊಡಲಿಲ್ಲ.

ಸಂಜೆ ಕೂಲಿಯವರನ್ನು ಊರಿಗೆ ಬಿಡುವಾಗ ಸ್ಟಿಯರಿಂಗನ್ನು ತಮ್ಮನಿಗೆ ಕೊಟ್ಟು, ಜೀರಹಳ್ಳಿಯವರೆಗೆ ಮಾದಮ್ಮನ ಪಕ್ಕ ಕೂತೆ. ಏರು ಬರುತ್ತಲೇ ಹೊಗೆ ಒಳನುಗ್ಗಿ ಕೆಮ್ಮು ಹತ್ತಿತು. ಅವರು ತಮ್ಮ ಸೆರಗನ್ನೇ ನನ್ನ ಮೂಗಿಗೆ ಹಿಡಿದರು.

ಮರುದಿನವೇ ಗಾಡಿ ರಿಪೇರಿ ಮಾಡಿಸಿದೆ. ಎಂಟು ವರ್ಷ ಓಡಿಸಿದ ಆ ಟೆಂಪೊದಲ್ಲಿ ನಾನು ಹಿಂದೆ ಕೂತದ್ದು ಅದೇ ಮೊದಲು.