ನಂದಿತಾ ಮೇಡಂ ಗಂಡ

ಹಲಸೂರಿನ ನರೇಶ್ ಫ್ರೆಂಚ್ ಕಲಿತದ್ದು ಶಿವಾಜಿನಗರದ ಒಂದು ಪಾತ್ರೆ ಅಂಗಡಿಯ ಮಹಡಿಯಲ್ಲಿ. ಪ್ರವಾಸಿ ಬಸ್ಸುಗಳನ್ನು ಓಡಿಸಿ ಸಾಕಾಗಿದ್ದ ಅಹ್ಮದ್ ಪಾಷಾ ಎಂಬವರು ಅಲ್ಲಿ ಎರಡು ಕೋಣೆ ಬಾಡಿಗೆಗೆ ಹಿಡಿದು, ಗೈಡ್ ಆಗುವವರಿಗೆ ಪರಭಾಷೆ ಕಲಿಸುವ ಕೇಂದ್ರ ತೆರೆದಿದ್ದರು. ಬೋರ್ಡು ಬರೆಸುವ ಮೊದಲೇ ಹೋಗಿ ಸೇರಿದವನು ನರೇಶ್. ಮನೆಯಲ್ಲಿ ಕನ್ನಡ, ಬೀದಿಯಲ್ಲಿ ತಮಿಳು, ಮಾರ್ಕೆಟ್ಟಿನಲ್ಲಿ ಉರ್ದು ಆಡಿ ಪಳಗಿದ್ದ ನಾಲಿಗೆಗೆ ಫ್ರೆಂಚ್ ಬೇಗ ಒಲಿಯಿತು. ವರ್ಷ ತುಂಬುವುದರೊಳಗೆ ಅವನು ವಿದೇಶಿಯರ ಗುಂಪನ್ನು ರಸೆಲ್ ಮಾರ್ಕೆಟ್ಟಿನ ಹೂವಿನ ಸಾಲಿನಲ್ಲಿ ನಡೆಸುತ್ತ, ಅವರ ಭಾಷೆಯಲ್ಲೇ ಅವರನ್ನು ನಗಿಸುತ್ತಿದ್ದ. ಹೊಸಬರು ಬಂದರೆ ಪಾಷಾ ಅವನನ್ನೇ ತೋರಿಸುತ್ತಿದ್ದರು.

ಮದುವೆಯಾದ ಮೇಲೆ ಹೆಂಡತಿ ನಂದಿತಾಳನ್ನೂ ಅವನೇ ಅಲ್ಲಿಗೆ ಸೇರಿಸಿದ. ಫ್ರೆಂಚ್ ತರಗತಿ ಬೆಳಿಗ್ಗೆ ಇತ್ತು. ಮನೆಗೆಲಸ ಮುಗಿಸಿ ಬರುವ ಹೊತ್ತಿಗೆ ಸಿಗುತ್ತಿದ್ದದ್ದು ಜಪಾನಿ ಮಾತ್ರ. ಅವಳು ಆ ತರಗತಿಯಲ್ಲೇ ಕೂತಳು.

"ಏನೋ ಒಂದು ಕಲಿ, ಟೈಮ್ ಪಾಸ್ ಆಗುತ್ತೆ," ಅಂದಿದ್ದ ನರೇಶ್.

ಆಮೇಲೆ ಊರಿಗೆ ಜಪಾನಿನ ಕಂಪನಿಗಳು ಬಂದವು. ಜಪಾನಿ ಕಲಿಯುವವರು ಹೆಚ್ಚಿದರು, ಕಲಿಸುವವರು ಸಾಲಲಿಲ್ಲ. ಕೇಂದ್ರ ಬಾಣಸವಾಡಿಗೆ ಹೋಗಿ ಕಾಲೇಜಾದಾಗ ಪಾಷಾ ನಂದಿತಾಳನ್ನು ಪಾಠಕ್ಕೆ ಕರೆದರು. ಅವಳು ಪಾಠ ಹೇಳುತ್ತಲೇ ಎಂ.ಎ. ಮುಗಿಸಿದಳು, ಪಿಎಚ್.ಡಿ. ಮಾಡಿದಳು. ಕೆ.ಆರ್. ಪುರದ ಆಚೆ ದೊಡ್ಡ ಕಟ್ಟಡ ಎದ್ದು, ಕಾಲೇಜು ಪ್ರವಾಸ ಮತ್ತು ಭಾಷೆಗಳ ವಿಶ್ವವಿದ್ಯಾಲಯವಾದಾಗ ಜಪಾನಿ ವಿಭಾಗಕ್ಕೆ ಮುಖ್ಯಸ್ಥೆಯಾದಳು.

ನರೇಶ್ ಮಾತ್ರ ಗೈಡಿನ ಅದೇ ಹಳೆಯ ಟೋಪಿ ಹಾಕಿಕೊಂಡು ಅದೇ ಗಲ್ಲಿಗಳಲ್ಲಿ ನಡೆಯುತ್ತಿದ್ದ. ಕೊರೊನಾ ಬಂದು ಹೋದ ಮೇಲೆ ಅವನ ಗುಂಪುಗಳು ಕರಗಿದವು. ಅವಳು ಫೋನಿನಲ್ಲಿ ಜಪಾನಿ ಮಾತಾಡುತ್ತ ನಕ್ಕರೆ, ಅವನು ಟಿವಿಯ ದನಿ ಏರಿಸುತ್ತಿದ್ದ. ಬೀದಿಯವರು ಅವನನ್ನು "ನಂದಿತಾ ಮೇಡಂ ಗಂಡ" ಅನ್ನತೊಡಗಿದ್ದರು. ತಾನು ಹುಟ್ಟಿ ಬೆಳೆದ ಬೀದಿಯಲ್ಲಿ.

ಒಂದು ಭಾನುವಾರ ಅವಳು ಬುದ್ಧವಿಹಾರಕ್ಕೆ ಹೋಗಿದ್ದಳು. ಮನೆಯಲ್ಲೇ ಮರೆತಿದ್ದ ಅವಳ ಫೋನು ಬಡಿದುಕೊಂಡಿತು. ಕುಲಪತಿಗಳ ಕಚೇರಿಯವರು. ಮರುದಿನ ರಜೆಯಾದರೂ ಟೋಕಿಯೋದಿಂದ ಪ್ರಾಧ್ಯಾಪಕರು ಬರುತ್ತಾರೆ, ಅವರ ಜೊತೆ ಮೇಡಂ ಇರಬೇಕು ಅಂದರು.

"ಅವಳಿಗೆ ಹುಷಾರಿಲ್ಲ ರೀ, ಬರೋಕಾಗಲ್ಲ," ಅಂದುಬಿಟ್ಟ ನರೇಶ್. ಯಾಕೆ ಅಂದೆ ಎಂದು ಯೋಚಿಸುವಷ್ಟರಲ್ಲಿ ಫೋನು ಕಟ್ಟಾಗಿತ್ತು. ಆದರೆ ಅವನು ತಿರುಗಿ ಮಾಡಲೂ ಇಲ್ಲ.

ಮಂಗಳವಾರ ಆಫೀಸಿನಲ್ಲಿ ಎಲ್ಲರೂ ಅವಳ ಆರೋಗ್ಯ ವಿಚಾರಿಸಿದರು. ಅವಳು ಮನೆಗೆ ಬಂದು ಬ್ಯಾಗು ಇಳಿಸದೆ ಕೇಳಿದಳು. "ನನಗೆ ಏನಾಗಿತ್ತು ರೀ?"

ನರೇಶ್ ಪೇಪರಿನ ಪುಟ ತಿರುಗಿಸಿದ.

"ನಿಮಗೆ ಹೊಟ್ಟೆಕಿಚ್ಚು ಅಂತ ಗೊತ್ತಿತ್ತು. ಇಷ್ಟು ಅಂತ ಗೊತ್ತಿರ್ಲಿಲ್ಲ," ಅಂದಳು. ಬಹಳ ದಿನ ಅವರ ನಡುವೆ ಊಟಕ್ಕೆ ಬನ್ನಿ, ಗ್ಯಾಸ್ ಖಾಲಿಯಾಗಿದೆ ಎಂಬಷ್ಟೇ ಮಾತಿತ್ತು.

ವಿಶ್ವವಿದ್ಯಾಲಯದ ಆ ವರ್ಷದ ವಾರ್ಷಿಕೋತ್ಸವ ಬಂತು. ಪಾಷಾ ಒತ್ತಾಯ ಮಾಡಿದ್ದಕ್ಕೆ ನರೇಶನೂ ಹೋದ. ಸಂಸ್ಥೆ ಬೆಳೆದುಬಂದ ಬಗೆಯ ಬಗ್ಗೆ ಒಂದು ಚಿತ್ರ ತೋರಿಸಿದರು. ಪಾತ್ರೆ ಅಂಗಡಿಯ ಮೆಟ್ಟಿಲು ಕಂಡಿತು. ಹಿನ್ನೆಲೆಯ ದನಿ, "ಇಲ್ಲಿ ಎಲ್ಲರಿಗಿಂತ ಮೊದಲು ಹೆಜ್ಜೆಯಿಟ್ಟವರೇ ಇಂದಿನ ಡಾಕ್ಟರ್ ನಂದಿತಾ," ಎಂದಿತು.

ನರೇಶ್ ಎದ್ದು ನಿಂತ. "ತಪ್ಪು," ಅಂದ. ಜನ ತಿರುಗಿದರು. "ಮೊದಲು ಸೇರಿದ್ದು ನಾನು. ಪಾಷಾ ಸಾಹೇಬ್ರನ್ನ ಕೇಳಿ."

ಚಿತ್ರ ನಿಂತಿತು. ಮುಂದಿನ ಸಾಲಿನಲ್ಲಿದ್ದ ಪಾಷಾ ತಲೆ ತಗ್ಗಿಸಿದರು. ಆಗ ನಂದಿತಾ ವೇದಿಕೆ ಹತ್ತಿ ಮೈಕು ಹಿಡಿದಳು. "ಇವರು ನನ್ನ ಯಜಮಾನರು. ಇವರು ಹೇಳಿದ್ದು ನಿಜ. ಈ ಸಂಸ್ಥೆಯ ಮೊದಲ ವಿದ್ಯಾರ್ಥಿ ಇವರೇ. ಇವರು ಕೈಹಿಡಿದು ಕರ್ಕೊಂಡು ಬರದಿದ್ರೆ ನಾನು ಇಲ್ಲಿರ್ತಿರ್ಲಿಲ್ಲ."

ಸಭೆ ಎದ್ದು ಚಪ್ಪಾಳೆ ಹೊಡೆಯಿತು. ಎಲ್ಲರ ಕಣ್ಣೂ ವೇದಿಕೆಯ ಮೇಲಿತ್ತು. ಎಂಥ ದೊಡ್ಡ ಮನಸ್ಸು ಎಂದು ಪಕ್ಕದ ಹೆಂಗಸು ಅಂದದ್ದು ನರೇಶನ ಕಿವಿಗೆ ಬಿತ್ತು.

ಮನೆಗೆ ಹೊರಟಾಗ ಮೆಟ್ರೋದಲ್ಲಿ ಇಬ್ಬರಿಗೂ ಅಕ್ಕಪಕ್ಕ ಸೀಟು ಸಿಕ್ಕಿತು. ಬೆನ್ನಿಗಾನಹಳ್ಳಿ ದಾಟಿದ ಮೇಲೆ ಅವಳು ಕೇಳಿದಳು. "ಚಪ್ಪಾಳೆ ಬಿತ್ತಲ್ಲ. ಸಮಾಧಾನ ಆಯ್ತಾ?"

"ಅದೂ ನಿನಗೇ ಹೊಡೆದಿದ್ದು."

"ಹೌದು, ನನಗೇ," ಅಂದಳು ನಂದಿತಾ. "ನನಗೇ ಬೀಳುತ್ತೆ ಅಂತ ಗೊತ್ತಿದ್ದೇ ಹಾಗೆ ಹೇಳ್ದೆ. ಅಷ್ಟು ಜನರ ಮುಂದೆ ನನ್ನ ಮಾನ ಕಳೆದ್ರಲ್ಲ, ಸುಮ್ನೆ ಬಿಡ್ತೀನಾ?"

ನರೇಶ್ ಅವಳ ಮುಖ ನೋಡಿದ. ಅವಳು ನಗುತ್ತಿರಲಿಲ್ಲ. ಇಷ್ಟು ವರ್ಷ ಅವಳ ಒಳ್ಳೆಯತನವೇ ಅವನನ್ನು ಹೆಚ್ಚು ಸುಟ್ಟಿತ್ತು. ಅವಳಿಗೂ ಸೇಡು ತೀರಿಸಿಕೊಳ್ಳಲು ಬರುತ್ತದೆ ಎಂದು ತಿಳಿದು ಅವನಿಗೆ ಯಾಕೋ ಎದೆ ಹಗುರಾಯಿತು.

"ಗೈಡ್ ಕೋರ್ಸಿಗೆ ಕಲಿಸೋಕೆ ಜನ ಬೇಕಂತೆ. ಪಾಷಾ ಹೇಳ್ತಿದ್ರು," ಅಂದ.

"ಬನ್ನಿ."

"ನಿನ್ನ ಕೈ ಕೆಳಗೆ ಬರಲ್ಲ. ಪ್ರವಾಸದ ವಿಭಾಗಕ್ಕಾದ್ರೆ ಬರ್ತೀನಿ."

"ನನ್ನ ವಿಭಾಗಕ್ಕೆ ಯಾರು ಕರೆದ್ರು?" ಅಂದಳು ಅವಳು.

ಅವನು ಸೇರಿದ. ವಿದ್ಯಾರ್ಥಿಗಳನ್ನು ಹಲಸೂರು, ಶಿವಾಜಿನಗರದ ಬೀದಿಗಳಲ್ಲೇ ನಡೆಸಿ ಕಲಿಸಿದ. ಮೊದಲ ತಿಂಗಳು ಹುಡುಗರು ಬೆನ್ನ ಹಿಂದೆ "ಮೇಡಂ ಹಸ್ಬೆಂಡ್" ಅಂದಾಗ ಬಿಟ್ಟುಹೋಗಬೇಕು ಅನ್ನಿಸಿತ್ತು. ಬಿಡಲಿಲ್ಲ. ಅವನ ಕೋರ್ಸು ಬೆಳೆಯಿತು.

ಈ ಸಲ ಪ್ರವೇಶ ಮುಗಿದಾಗ ಜಪಾನಿ ಭಾಷೆಗೆ ಸೇರಿದವರಿಗಿಂತ ಗೈಡ್ ಕೋರ್ಸಿಗೆ ಸೇರಿದವರೇ ಹೆಚ್ಚು. ಪಾಠ ಮಾಡುವ ದೊಡ್ಡ ಹಾಲ್ ಅನ್ನು ಜಪಾನಿ ವಿಭಾಗದಿಂದ ತೆಗೆದು ನರೇಶನಿಗೆ ಕೊಟ್ಟರು. ಆ ಸಂಜೆ ನಂದಿತಾ ಚಪಾತಿ ಹಿಟ್ಟನ್ನು ಬೇಕಾದ್ದಕ್ಕಿಂತ ಜೋರಾಗಿ ನಾದುತ್ತಿದ್ದಳು.

"ಹಾಲ್‌ನಲ್ಲಿ ಫ್ಯಾನ್ ಸರಿ ಇಲ್ಲ," ಅಂದಳು, ತಿರುಗದೆ.

"ಸರಿ ಮಾಡಿಸ್ತೀನಿ ಬಿಡು," ಅಂದ ನರೇಶ್. ಅವಳನ್ನು ನೋಡಿ ಅವನಿಗೆ ಪಾಪ ಅನ್ನಿಸಲಿಲ್ಲ. ಅನ್ನಿಸಬೇಕಿತ್ತು ಎಂದು ಮಾತ್ರ ಅನ್ನಿಸಿತು.